ಜಾಣ ಕಿವುಡು ಅಂದ್ಕೊಂಡಿದ್ವಿ

ನಾಯಿ ಮನೆಗೆ ಬಂದ ಮೊದಲನೇ ವಾರ ಪೂರ್ತಿ ನಮ್ಮಮ್ಮ ಹೇಳ್ತಿದ್ದಿದ್ದು ಒಂದೇ ಮಾತು, "ಇದಕ್ಕೆ ಜಾಣ ಕಿವುಡು ಕಣೇ, ನಿಮ್ಮಪ್ಪನ ಥರಾನೇ". ಅಪ್ಪನಿಗೆ ಪೇಪರ್ ಓದೋವಾಗ ತರಕಾರಿ ತನ್ನಿ ಅಂದ್ರೆ ಕೇಳಲ್ಲ, ಕಾಫಿ ಅಂದ್ರೆ ಕೇಳತ್ತೆ. ಇವನೂ ಹಾಗೇ ಅಂದ್ಕೊಂಡ್ವಿ. ಕರೆದ್ರೆ ತಿರುಗಲ್ಲ, ಬೇಡ ಅಂದ್ರೆ ನಿಲ್ಲಿಸಲ್ಲ, ಆದ್ರೆ ಫ್ರಿಜ್ಜಿನ ಬಾಗಿಲು ತೆಗೆದ್ರೆ ಸಾಕು ಎಲ್ಲಿದ್ರೂ ಎದ್ದು ಬಂದು ನಿಂತಿರ್ತಾನೆ.

ಶುರುವಿಂದ ಹೇಳ್ತೀನಿ. 2025ರ ಸಂಕ್ರಾಂತಿಗೆ ಎರಡು ದಿನ ಮುಂಚೆ, ನನಗೆ ಗೊತ್ತಿರೋ, ನಾಯಿಗಳನ್ನ ರೆಸ್ಕ್ಯೂ ಮಾಡೋ ಹುಡುಗಿ ಫೋನ್ ಮಾಡಿದ್ಲು. ಅಕ್ಕ ಒಂದ್ ಹತ್ತು ದಿನ ಇಟ್ಕೋತೀರಾ ಅಂತ. ಈ "ಹತ್ತು ದಿನ" ಅನ್ನೋದನ್ನ ಫಾಸ್ಟರ್ ಮಾಡೋರು, ಅಂದ್ರೆ ಖಾಯಂ ಮನೆ ಸಿಗೋವರೆಗೆ ನಾಯಿ ಇಟ್ಕೊಳ್ಳೋರು, ಯಾರೂ ನಂಬಲ್ಲ, ಆದ್ರೂ ಪ್ರತಿ ಸಲ ಹೂಂ ಅಂತೀವಿ. ಕನಕಪುರ ರೋಡಲ್ಲಿ ಕಗ್ಗಲೀಪುರ ದಾಟಿದ ಮೇಲೆ ಒಂದು ಕಂಬಕ್ಕೆ ಕಟ್ಟಿ ಹೋಗಿದ್ರಂತೆ, ಒಳ್ಳೆ ಬೆಲ್ಟ್ ಹಾಕಿರೋ ಡಾಲ್ಮೇಷಿಯನ್ ನಾಯಿ, ಗಂಡು, ಒಂದು ವರ್ಷ ಆಸುಪಾಸು. ಪಕ್ಕೆಲುಬು ಎಣಿಸಬಹುದಿತ್ತು, ಕಿವಿ ಒಳಗೆಲ್ಲಾ ಉಣ್ಣಿ ಹುಳ, ಅದು ಕಚ್ಚಿ ಬರೋ ಟಿಕ್ ಫೀವರ್ ಆಗಿ ರಕ್ತದಲ್ಲಿ ಪ್ಲೇಟ್ಲೆಟ್ ಇಳಿದುಹೋಗಿತ್ತು. 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ.

ಸಾಕಿದ ಪ್ರಾಣೀನ ಹೀಗೆ ಬೀದಿಗೆ ಬಿಟ್ಟು ಹೋಗೋದು ಅಪರಾಧಾನೇ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೇಲಿ ಇದೆ. ಮೊದಲ ಸಲ ಸಿಕ್ಕಿಬಿದ್ರೆ ದಂಡ ಎಷ್ಟು ಗೊತ್ತಾ, 10 ರೂಪಾಯಿಂದ 50 ರೂಪಾಯಿ. ಐವತ್ತು ರೂಪಾಯಿಗೆ ಬೆಂಗಳೂರಿನ ನಮ್ಮ ಕತ್ರಿಗುಪ್ಪೇಲಿ ಒಂದು ಮಸಾಲೆ ದೋಸೆ ಬರೋದೂ ಕಷ್ಟ. ಇರ್ಲಿ, ಅದು ಬೇರೆ ಜಗಳ.

ಅವನು ಬಂದಾಗ ಅಮ್ಮ ಹಾಲ್‌ನಲ್ಲಿ ಕೂತು ಕೊಬ್ರಿ ಬೆಲ್ಲ ಹೆಚ್ತಾ ಇದ್ರು. ಮೈಮೇಲಿನ ಚುಕ್ಕಿ ನೋಡಿ "ಎಳ್ಳು ಚೆಲ್ಲಿದಂಗಿದೆ" ಅಂದ್ರು, ಹೆಸರು ಎಳ್ಳು ಆಯ್ತು. ನಾಮಕರಣಕ್ಕೆ ಐದು ಸೆಕೆಂಡ್. ಆ ಹೆಸರು ಅವನ ಕಿವಿಗೆ ಯಾವತ್ತೂ ಬೀಳಲ್ಲ ಅಂತ ಗೊತ್ತಾಗೋಕೆ ಇನ್ನೂ ಎಂಟು ದಿನ ಬೇಕಾಯ್ತು.

ಎಂಟು ದಿನ ಯಾಕೆ ಅಂದ್ರೆ ನಾವೂ ಟೆಸ್ಟ್ ಮಾಡಿದ್ವಿ, ತಪ್ಪಾಗಿ ಮಾಡಿದ್ವಿ. ಅನುಮಾನ ಬಂದು ಅವನು ಮಲಗಿರೋವಾಗ ಹಿಂದಿನಿಂದ ಸ್ಟೀಲ್ ತಟ್ಟೆ ನೆಲಕ್ಕೆ ಬಿಟ್ಟೆ, ಧಡಕ್ಕನೆ ಎದ್ದ. ಸರಿ ಕೇಳತ್ತೆ ಅಂತ ಸುಮ್ಮನಾದ್ವಿ. ತಟ್ಟೆ ಬಿದ್ದಿದ್ದು ನೆಲ ನಡುಗಿ ಗೊತ್ತಾಗಿದ್ದು ಅಂತ ಆಗ ತಲೆಗೆ ಹೋಗ್ಲಿಲ್ಲ. ನಮ್ಮ ಮನೆ ಮೆಟ್ಟಿಲು ಕಬ್ಬಿಣದ್ದು, ಯಾರಾದ್ರೂ ಹತ್ತಿದ್ರೆ ಅದರ ಅದುರು ಹಾಲ್‌ವರೆಗೂ ಬರತ್ತೆ, ಅದಕ್ಕೂ ಎದ್ದು ಬಾಗಿಲ ಹತ್ರ ಓಡ್ತಿದ್ದ. ಬೊಗಳ್ತಿದ್ದ ಬೇರೆ! ಕಿವುಡು ನಾಯಿ ಬೊಗಳಲ್ಲ ಅಂತ ಯಾರೋ ಹೇಳಿದ್ದನ್ನ ನಂಬಿದ್ದೆ ನಾನು, ಬೊಗಳ್ತವೆ, ಇವನದಂತೂ ಯಾವ ಸ್ಥಾಯಿ ಅಂತಾನೇ ಇಲ್ಲದ ಒಂದು ವಿಚಿತ್ರ ಗಂಟಲು, ತನ್ನ ಸ್ವರ ತಾನೇ ಕೇಳಿರದ ಗಂಟಲು.

ಕೊನೆಗೆ ಕಂಡುಹಿಡಿದಿದ್ದು ಕುಕ್ಕರ್. ಅಡುಗೆಮನೆ ಬಾಗಿಲಲ್ಲೇ, ಸ್ಟೌವ್‌ನಿಂದ ಮೂರು ಅಡಿ ದೂರದಲ್ಲಿ ನನಗೆ ಬೆನ್ನು ಮಾಡಿ ಮಲಗಿದ್ದ, ಕುಕ್ಕರ್ ಕೂಗ್ತು. ನಾನು ಬೆಚ್ಚಿಬಿದ್ದೆ, ಇವನ ಕಿವಿ ತುದಿ ಕೂಡ ಅಲ್ಲಾಡಲಿಲ್ಲ. ಎರಡನೇ ವಿಷಲ್, ಇಲ್ಲ. ಮೂರನೇದು, ಇಲ್ಲ. ಅಮ್ಮ ಸೌಟು ಹಿಡ್ಕೊಂಡು ನನ್ನ ಮುಖ ನೋಡಿದ್ರು. "ಅಯ್ಯೋ ಪಾಪ, ಎಂಟು ದಿನದಿಂದ ಬೈತಾ ಇದ್ನಲ್ಲೇ" ಅಂದ್ರು. ಅವನಿಗೆ ಕೇಳಿಸಿದ್ರೆ ತಾನೆ ಅಮ್ಮ ಬೇಜಾರಾಗೋಕೆ, ಅಂದೆ.

ಡಾಕ್ಟರು ಅವನ ಹಿಂದೆ ನಿಂತು ಬೀಗದ ಕೈ ಗೊಂಚಲು ಅಲ್ಲಾಡಿಸಿದ್ರು, ಸೀಟಿ ಹೊಡೆದ್ರು, ಗಾಳಿ ತಾಗದ ಹಾಗೆ ದೂರ ನಿಂತು ಚಪ್ಪಾಳೆ ಹೊಡೆದ್ರು. ಎರಡೂ ಕಿವಿ ಹೋಗಿದೆ ಅನ್ಸತ್ತೆ ಅಂದ್ರು. ಪಕ್ಕಾ ಹೇಳಬೇಕು ಅಂದ್ರೆ ಬಿಎಇಆರ್ ಅಂತ ಒಂದು ಟೆಸ್ಟ್ ಇದೆ, ತಲೆಗೆ ಸಣ್ಣ ಎಲೆಕ್ಟ್ರೋಡ್ ಹಾಕಿ ಒಂದೊಂದೇ ಕಿವಿಗೆ ಟಿಕ್ ಟಿಕ್ ಸದ್ದು ಕೊಟ್ಟು ಮೆದುಳಿಗೆ ತಲುಪ್ತಿದ್ಯಾ ನೋಡೋದು. ಆದ್ರೆ ಮಾಡಿಸಿ ಏನು ಬದಲಾಗತ್ತೆ ಅಂತ ಅವರೇ ಕೇಳಿದ್ರು, ನಾವೂ ಬಿಟ್ವಿ.

ಅವತ್ತು ಅವರು ಹೇಳಿದ ಒಂದು ವಿಷಯ ನನಗೆ ಈಗಲೂ ತಲೇಲಿ ಕೊರೀತಿದೆ. ಡಾಲ್ಮೇಷಿಯನ್ ಮರಿ ಹುಟ್ಟುವಾಗ ಸಾಮಾನ್ಯವಾಗಿ ಪೂರ್ತಿ ಬಿಳಿ, ಚುಕ್ಕಿ ಆಮೇಲೆ ಬರೋದು. ಆ ಬಿಳಿ ಬಣ್ಣಾನೇ ಸಮಸ್ಯೆ. ಚರ್ಮಕ್ಕೆ ಬಣ್ಣ ಕೊಡೋ ಜೀವಕೋಶ ಇದ್ಯಲ್ಲ, ಅದೇ ಥರದ್ದು ಒಳಕಿವೀಲೂ ಇರಬೇಕು, ಅಲ್ಲಿಗೆ ಅದು ತಲುಪದೇ ಹೋದ್ರೆ ಕಿವಿಯೊಳಗಿನ ರಕ್ತನಾಳ ಸೊರಗಿ, ಹುಟ್ಟಿದ ಕೆಲವೇ ವಾರದಲ್ಲಿ ಶಬ್ದ ಹಿಡಿಯೋ ಕೋಶಗಳು ಸತ್ತುಹೋಗ್ತವೆ. ಮರಿಗಳ ಕಿವಿ ತೂತು ತೆರೆಯೋದೇ ಸುಮಾರು ಎರಡು ವಾರಕ್ಕೆ. ಅಂದ್ರೆ ಇವನು ಏನಾದ್ರೂ ಕೇಳಿಸ್ಕೊಂಡಿದ್ರೂ ಒಂದೆರಡು ವಾರದ ಮಟ್ಟಿಗೆ, ಅಷ್ಟೇ. ಅಮೆರಿಕದಲ್ಲಿ ಸಾವಿರಾರು ಡಾಲ್ಮೇಷಿಯನ್‌ಗಳನ್ನ ಟೆಸ್ಟ್ ಮಾಡಿದಾಗ ನೂರಕ್ಕೆ ಸುಮಾರು 8ಕ್ಕೆ ಎರಡೂ ಕಿವಿ ಕೇಳಲ್ಲ, 22ಕ್ಕೆ ಒಂದು ಕಿವಿ ಕೇಳಲ್ಲ ಅಂತ ಬಂತಂತೆ. ಇದರಲ್ಲಿ ನನಗೆ ಸಿಟ್ಟು ಬರೋ ಭಾಗ ಯಾವುದು ಅಂದ್ರೆ, ಹುಟ್ಟುವಾಗಲೇ ಒಂದು ದೊಡ್ಡ ಕಪ್ಪು ಮಚ್ಚೆ ಇರೋ ಮರಿಗಳಲ್ಲಿ ಕಿವುಡು ಕಮ್ಮಿ, ಆದ್ರೆ ಡಾಗ್ ಶೋ ನಿಯಮದಲ್ಲಿ ಆ ಮಚ್ಚೆ ಇದ್ರೆ ದೋಷ! ಚಂದಕ್ಕೆ ಮಚ್ಚೆ ಬೇಡ ಅಂತ ಅಂಥವನ್ನ ಬ್ರೀಡಿಂಗ್‌ಗೆ ಬಿಡದೇ ಬಿಡದೇ ಕಿವುಡನ್ನ ಉಳಿಸ್ಕೊಂಡು ಬಂದಿದ್ದಾರೆ. ಆಮೇಲೆ ಈ ಜಾತಿ ಹಠಮಾರಿ, ಮಾತು ಕೇಳಲ್ಲ ಅಂತ ಬೇರೆ ಹೆಸರು. ಮಾತು ಕೇಳಲ್ವಂತೆ!

ಸರಿ, ಈಗ ಇವನ ಜೊತೆ ಬದುಕೋದು ಹೇಗೆ.

ಮೊದಲು ಭಯದ ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ಎಲ್ಲರೂ ಕೇಳೋದು ಅದನ್ನೇ, ಕಿವುಡು ನಾಯಿ ಕಚ್ಚತ್ತಾ ಅಂತ. ಮೂರನೇ ರಾತ್ರಿ, ಕಿವಿ ಕೇಳಲ್ಲ ಅಂತ ಇನ್ನೂ ಗೊತ್ತಿರಲಿಲ್ಲ, ಮಾತ್ರೆ ಕೊಡೋಕೆ ಮಲಗಿದ್ದವನ ಬೆನ್ನು ಮುಟ್ಟಿದೆ. ತಿರುಗಿ ಬಾಯಿ ಹಾಕ್ದ, ಮಣಿಕಟ್ಟಿಗೆ ಹಲ್ಲು ತಾಗ್ತು, ರಕ್ತ ಬರಲಿಲ್ಲ ಆದ್ರೆ ನನ್ನ ಕೈ ಅರ್ಧ ಗಂಟೆ ನಡುಗ್ತಿತ್ತು. ಅವನಿಗೆ ನನಗಿಂತ ಹೆಚ್ಚು ನಾಚಿಕೆ ಆಗಿತ್ತು ಅನ್ಸತ್ತೆ, ಸೋಫಾ ಕೆಳಗೆ ಹೋಗಿ ಬೆಳಗ್ಗೆವರೆಗೂ ಈಚೆ ಬರಲಿಲ್ಲ. ಯೋಚನೆ ಮಾಡಿ, ಗಾಢ ನಿದ್ದೇಲಿ ಇದ್ದಾಗ ಹೆಜ್ಜೆ ಸದ್ದು ಇಲ್ಲ, ಏನಿಲ್ಲ, ಸೀದಾ ಒಂದು ಕೈ ಬೆನ್ನಿಗೆ. ನನಗಾದ್ರೂ ಹೊಡೆಯೋಣ ಅನ್ಸತ್ತೆ.

ಆಮೇಲೆ ಕಲಿತಿದ್ದು. ಎಬ್ಬಿಸೋಕೆ ಮುಟ್ಟಬಾರದು, ಮೊದಲು ಮೂಗಿನ ಹತ್ರ ಕೈ ಹಿಡೀಬೇಕು, ವಾಸನೆಗೇ ಕಣ್ಣು ಬಿಡ್ತಾನೆ. ಇಲ್ಲಾಂದ್ರೆ ಹಾಸಿಗೆ ತುದಿ ತಟ್ಟಬೇಕು. ಇದರ ಜೊತೆಗೆ ಮುಟ್ಟೋದು ಅಂದ್ರೆ ಒಳ್ಳೇದು ಅಂತ ಅಭ್ಯಾಸ ಮಾಡಿಸೋದು, ಎಚ್ಚರ ಇದ್ದಾಗ ಹಿಂದಿನಿಂದ ಬೆರಳು ತಾಗಿಸು, ತಕ್ಷಣ ಬಾಯಿಗೊಂದು ಪನೀರ್ ಚೂರು. ಬೆರಳು, ಪನೀರ್. ದಿನಕ್ಕೆ ಮೂವತ್ತು ಸಲ. ಆಮೇಲೆ ತೂಕಡಿಸೋವಾಗ, ಆಮೇಲೆ ನಿದ್ದೇಲಿ. ಮಾರ್ಚ್ ಹೊತ್ತಿಗೆ ನಿದ್ದೇಲಿ ಮುಟ್ಟಿದ್ರೆ ಕಣ್ಣು ಮುಚ್ಕೊಂಡೇ ಬಾಯಿ ತೆಗೀತಿದ್ದ, ಪನೀರ್ ಎಲ್ಲಿ ಅಂತ. ಪನೀರೇ ಯಾಕೆ ಅಂದ್ರೆ ಈ ಜಾತಿಗೆ ಯೂರಿಕ್ ಆಸಿಡ್ ತೊಂದರೆ, ಮೂತ್ರದಲ್ಲಿ ಕಲ್ಲು ಕಟ್ಟತ್ತೆ, ಲಿವರ್ ಗಿವರ್ ಎಲ್ಲಾ ಕೊಡಬಾರದು, ನೀರು ಚೆನ್ನಾಗಿ ಕುಡಿಸಬೇಕು. ಕೋಳಿ ಅಂಗಡಿಯವನು ಪ್ರೀತಿಯಿಂದ ಫ್ರೀಯಾಗಿ ಲಿವರ್ ಕಟ್ಟಿಕೊಡೋಕೆ ಬಂದ್ರೆ ಬೇಡ ಅಂದು ಅವನಿಗೆ ಬೇಜಾರು ಮಾಡಿಸಿದೆ.

ಭಾಷೆ ವಿಷಯಕ್ಕೆ ಬಂದ್ರೆ, ಯೂಟ್ಯೂಬ್ ನೋಡಿ ಸನ್ನೆಗಳ ಒಂದು ಪಟ್ಟಿ ಮಾಡಿದ್ದೆ, ಕೂತ್ಕೋ, ಬಾ, ಇರು, ಗುಡ್ ಅಂದ್ರೆ ಹೆಬ್ಬೆಟ್ಟು ಮೇಲೆ ಅಂತೆಲ್ಲಾ. ಅದರಲ್ಲಿ ಅರ್ಧ ನಮ್ಮನೇಲಿ ನಡೀಲೇ ಇಲ್ಲ, ಯಾಕಂದ್ರೆ ಅಮ್ಮನ ಕೈ ಅಮ್ಮನ ಮಾತೇ ಕೇಳೋದು. ಊಟ ಅಂದ್ರೆ ಐದು ಬೆರಳು ಸೇರಿಸಿ ಬಾಯಿ ಹತ್ರ ತರೋದು. ಮುಗೀತು, ಇನ್ನಿಲ್ಲ ಅಂದ್ರೆ ಎರಡೂ ಅಂಗೈ ಬಿಚ್ಚಿ ಕೊಡವೋದು, ಮಕ್ಕಳಿಗೆ "ಖಾಲಿ ಖಾಲಿ" ಅಂತ ತೋರಿಸ್ತಾರಲ್ಲ ಹಾಗೆ. ಶಭಾಷ್ ಅಂದ್ರೆ ಹುಳಿ ಚೆನ್ನಾಗಿದೆ ಅನ್ನೋವಾಗ ಮಾಡೋ ಹಾಗೆ ಹೆಬ್ಬೆಟ್ಟು ತೋರುಬೆರಳು ಸೇರಿಸಿ ಒಂದು ಉಂಗುರ. ಈ ಉಂಗುರ ತೋರಿಸಿದ ತಕ್ಷಣ ಪನೀರ್ ಅಂತ ನೂರಾರು ಸಲ ಮಾಡಿ ಮಾಡಿ, ಕೊನೆಗೆ ಆ ಉಂಗುರ ನೋಡಿದ್ರೇ ಬಾಲ ಆಡ್ತಿತ್ತು. ಅಂಗಡೀಲಿ ಯಾರಾದ್ರೂ ಇನ್ನೊಬ್ಬರಿಗೆ ಸೂಪರ್ ಅಂತ ಕೈ ಮಾಡಿದ್ರೂ ಇವನು ತನಗೇ ಅಂದ್ಕೊಂಡು ಹೋಗಿ ಅವರ ಮುಂದೆ ಕೂತ್ಕೋತಿದ್ದ.

ಮತ್ತೆ ಅಮ್ಮ ಮಾತಾಡೋದನ್ನ ನಿಲ್ಲಿಸಲೇ ಇಲ್ಲ. ಅವನಿಗೆ ಕೇಳಲ್ಲ ಅಂದ್ರೆ "ನನಗೆ ಗೊತ್ತು, ನೀನ್ ಸುಮ್ನಿರು" ಅಂತ ನನಗೇ ಬೈದು, ಬೆಳಗ್ಗೆ ಹೂವು ಕಟ್ಟೋವಾಗ ಅವನ ಎದುರಿಗೆ ಕೂತು ಪಕ್ಕದ ಮನೆ ಕಥೆ, ಕಳೆದ ತಿಂಗಳ ಮದುವೆ ಕಥೆ, ಮಂಡಿ ನೋವಿನ ಕಥೆ ಎಲ್ಲಾ. ಅವನು ಕಣ್ಣು ಕೀಳದೆ ಅಮ್ಮನ ಮುಖ ನೋಡ್ತಾ ಕೂತಿರ್ತಿದ್ದ. ನಾನು ಆಫೀಸ್ ಲ್ಯಾಪ್‌ಟಾಪ್ ನೋಡ್ಕೊಂಡು "ಹೂಂ ಅಮ್ಮ ಹೂಂ" ಅಂತಿದ್ದೆ ಅಷ್ಟೇ. ಯಾರು ಜಾಣ ಕಿವುಡರು ಅಂತ ನೀವೇ ಲೆಕ್ಕ ಹಾಕ್ಕೊಳಿ. ನಾನು ಸನ್ನೆ ಮಾಡೋವಾಗ ಮುಖ ಗಂಟಿಕ್ಕಿದ್ರೆ ಬರ್ತಾನೇ ಇರಲಿಲ್ಲ, ಅಮ್ಮ ಬಾಯಿ ತುಂಬಾ ಕರೆದ್ರೆ ಓಡಿ ಬರ್ತಿದ್ದ, ಮುಖ ಓದೋದು ಅಷ್ಟು ಚೆನ್ನಾಗಿ ಬರ್ತಿತ್ತು ಅವನಿಗೆ.

ರಾತ್ರಿ ಟೆರೇಸಿಂದ ಕರೆಯೋಕೆ ಲೈಟ್ ಎರಡು ಸಲ ಆನ್ ಆಫ್. ಇದು ಚೆನ್ನಾಗಿ ನಡೀತಿತ್ತು, ಏಪ್ರಿಲ್ ಕೊನೇಲಿ ಮಳೆ ಗಾಳಿ ಶುರುವಾಗಿ ಕರೆಂಟ್ ಹೋಗೋವರೆಗೆ. ಕತ್ತಲಲ್ಲಿ ಕಿವುಡು ನಾಯಿನ ಹುಡುಕೋದು ಅಂದ್ರೆ ಏನು ಅಂತ ಅವತ್ತು ಗೊತ್ತಾಯ್ತು. ಮಾರನೇ ದಿನಾನೇ ಕೊರಳಿಗೆ ಗೆಜ್ಜೆ ಬಂತು, ಅವನಿಗಲ್ಲ, ನಮಗೆ ಕೇಳಲಿ ಅಂತ. ಟಾರ್ಚ್ ಬಳಸಬಹುದು ಆದ್ರೆ ನೆಲದ ಮೇಲೆ ಬೆಳಕಿನ ಚುಕ್ಕಿ ಓಡಾಡಿಸಬೇಡಿ, ಅದನ್ನ ಬೆನ್ನಟ್ಟೋದೇ ಒಂದು ಹುಚ್ಚಾಗಿಬಿಡತ್ತೆ ಅಂತ ಡಾಕ್ಟರು ಮೊದಲೇ ಹೇಳಿದ್ರು.

ಕಿವುಡಿನ ಲಾಭವೂ ಇದೆ ಸ್ವಾಮಿ. ಗುಡುಗಿಗೆ ಓನರ್ ಆಂಟಿಯ ಲ್ಯಾಬ್ರಡಾರ್ ಸ್ಕೂಟರ್ ಕೆಳಗೆ ನುಗ್ಗಿ ನಡುಗ್ತಿದ್ರೆ ಇವನು ಹೊಟ್ಟೆ ಮೇಲೆ ಮಾಡಿ ಗೊರಕೆ. ಜೂನ್ 3ನೇ ತಾರೀಖು ಆರ್‌ಸಿಬಿ ಕಪ್ ಗೆದ್ದ ರಾತ್ರಿ, 18 ವರ್ಷದ ಬಾಕಿ ಪಟಾಕಿ ಎಲ್ಲಾ ಒಂದೇ ಸಲ ಹೊಡೆದ್ರು ನಮ್ಮ ಏರಿಯಾದವರು. ಬೀದಿ ನಾಯಿಗಳೆಲ್ಲಾ ದಿಕ್ಕಾಪಾಲು. ನಾನು ಕಿಟಕಿ ಮುಚ್ಚಿ, ಕರ್ಟನ್ ಎಳೆದು ಅಭ್ಯಾಸದ ಮೇಲೆ ಅವನ ಪಕ್ಕ ಹೋಗಿ ಕೂತೆ, ಹಿಂದಿನ ಎಲ್ಲಾ ಫಾಸ್ಟರ್ ನಾಯಿಗಳ ಜೊತೆ ದೀಪಾವಳೀಲಿ ಹಾಗೇ ಕೂತಿದ್ದು ನಾನು. ಇವನು ಒಂದು ಕಣ್ಣು ಬಿಟ್ಟು ಇವಳಿಗೇನಾಯ್ತು ಅಂತ ನೋಡಿ ಮತ್ತೆ ಮಲಗಿದ. ಮಾರನೇ ದಿನದ ಕಾಲ್ತುಳಿತದ ಸುದ್ದಿ ಬೇರೆ, ಅದನ್ನ ಇಲ್ಲಿ ಬರೆಯೋಕೆ ಮನಸ್ಸಿಲ್ಲ.

ಒಂದ್ಸಲ ಮಾತ್ರ ಜೀವ ಬಾಯಿಗೆ ಬಂದಿತ್ತು. ಗ್ಯಾಸ್ ಸಿಲಿಂಡರ್ ತಂದವರು ಗೇಟ್ ತೆಗೆದೇ ಬಿಟ್ರು, ಇವನು ಹೊರಗೆ. ಬೇರೆ ನಾಯಿ ಆಗಿದ್ರೆ ಕೂಗಬಹುದು. ಇವನ ಹಿಂದೆ ಕೂಗೋದು ಅಂದ್ರೆ ಕೋಣನ ಮುಂದೆ ಕಿನ್ನರಿ, ಅದು ಗೊತ್ತಿದ್ದೂ ಗಂಟಲು ಹರ್ಕೊಂಡು "ಎಳ್ಳೂ ಎಳ್ಳೂ" ಅಂತ ಓಡ್ತಿದ್ದೀನಿ, ರಸ್ತೇಲಿರೋರು ಈ ಹೆಂಗಸಿಗೆ ಎಳ್ಳು ಎಲ್ಲಿ ಚೆಲ್ಲಿತು ಅಂತ ನೋಡ್ತಿದ್ದಾರೆ. ಮುಂದೆ ಮೇನ್ ರೋಡ್, ಬಿಎಂಟಿಸಿ ಬಸ್ಸು. ಎಳನೀರು ಗಾಡಿ ಹತ್ರ ಹೋದವನು ನಿಂತು ಹಿಂದೆ ತಿರುಗಿ ನೋಡಿದ. ವಾಕಿಂಗ್‌ನಲ್ಲಿ ಅವನಾಗೇ ತಿರುಗಿ ನನ್ನ ಮುಖ ನೋಡಿದಾಗೆಲ್ಲಾ ಪನೀರ್ ಕೊಟ್ಟು ಅದೊಂದು ಚಟ ಮಾಡಿಸಿದ್ದೆ, ಹತ್ತು ಹೆಜ್ಜೆಗೊಂದು ಸಲ ನೋಡಲೇಬೇಕು ಅವನಿಗೆ. ಆ ಒಂದು ಸೆಕೆಂಡಲ್ಲಿ ನಾನು ಐದು ಬೆರಳು ಬಾಯಿಗೆ ತಂದೆ, ಊಟ. ಮತ್ತೆ ಅವನ ಕಡೆ ಓಡದೇ ಉಲ್ಟಾ ಮನೆ ಕಡೆ ಓಡಿದೆ, ಇದು ಎಷ್ಟು ಕಷ್ಟ ಅಂತ ಮಾಡಿದೋರಿಗೇ ಗೊತ್ತು, ರೋಡ್ ಪಕ್ಕ ಇರೋ ನಾಯಿಗೆ ಬೆನ್ನು ಹಾಕಿ ಓಡೋದು. ಹಿಂದೆ ಗೆಜ್ಜೆ ಸದ್ದು ಹತ್ತಿರ ಬಂತು. ಮನೆ ಮೆಟ್ಟಿಲ ಮೇಲೆ ಕೂತು ಅತ್ತೆ. ಅವನಿಗೆ ಊಟ ಅಂತ ಸುಳ್ಳು ಹೇಳೋ ಹಾಗಿಲ್ಲ, ಮಧ್ಯಾಹ್ನ ಮೂರು ಗಂಟೆಗೆ ಮೊಸರನ್ನ ಕಲಸಿ ಕೊಟ್ಟೆ.

ಅಡಾಪ್ಷನ್ ಪೋಸ್ಟ್ ಹಾಕಿದ್ದು ಫೆಬ್ರವರಿ ಕೊನೇಲಿ. ಬಂದ ಫೋನ್‌ಗಳ ಬಗ್ಗೆ ಬರೆದ್ರೆ ಅದೇ ಒಂದು ಬ್ಲಾಗ್ ಆಗತ್ತೆ. "ಮೇಡಂ ಡಾಲ್ಮೇಷಿಯನ್ ಫ್ರೀನಾ", "ಪೇಪರ್ಸ್ ಇದ್ಯಾ", "ನಮ್ ಹೆಣ್ಣಿಗೆ ಕ್ರಾಸಿಂಗ್‌ಗೆ ಬೇಕಿತ್ತು". ಮರಿ ಆಗದ ಹಾಗೆ ಆಪರೇಷನ್ ಆಗಿದೆ ಅಂದ್ರೆ ಫೋನ್ ಕಟ್. ಒಬ್ಬರು ತೋಟ ಕಾಯೋಕೆ ಕೇಳಿದ್ರು, ಸಾರ್ ಕಿವಿ ಕೇಳಲ್ಲ ಅಂದೆ, "ಪರವಾಗಿಲ್ಲ ಕಳ್ಳನಿಗೆ ಗೊತ್ತಾಗಲ್ವಲ್ಲ" ಅಂದ್ರು, ಆ ಲಾಜಿಕ್‌ಗೆ ನಾನು ಸೋತೆ, ಆದ್ರೆ ನಾಯಿ ಕೊಡಲಿಲ್ಲ. ಏಪ್ರಿಲ್‌ನಲ್ಲಿ ಒಂದು ಮನೆಗೆ ಹೋಗಿ ನಾಲ್ಕೇ ದಿನಕ್ಕೆ ವಾಪಸ್ ಬಂದ. ಅವರು ಕೆಟ್ಟವರಲ್ಲ, ದಿನಾ ಹತ್ತು ಗಂಟೆ ಮನೇಲಿ ಯಾರೂ ಇರ್ತಿರಲಿಲ್ಲ, ಇವನು ಅಕ್ಕಪಕ್ಕದವರೆಲ್ಲಾ ಬರೋ ಹಾಗೆ ಬೊಗಳಿದ್ದಾನೆ. ಕಣ್ಣಿಗೆ ಯಾರೂ ಕಾಣದಿದ್ರೆ ಇವನ ಪಾಲಿಗೆ ಮನೇಲಿ ಯಾರೂ ಇಲ್ಲ ಅಂತಾನೇ, ಆಚೆ ರೂಮಿಂದ ಒಂದು ಕೆಮ್ಮಿನ ಸದ್ದಿನ ಸಮಾಧಾನವೂ ಇಲ್ಲ. ಇದನ್ನ ನಾನು ಅವರಿಗೆ ಸರಿಯಾಗಿ ಹೇಳಿರಲಿಲ್ಲ, ತಪ್ಪು ನಂದೂ ಇದೆ. ಸಿಕ್ಕಿದ ಮನೆ ಕೈ ತಪ್ಪತ್ತೆ ಅಂತ ತೊಂದರೆಗಳನ್ನ ಸಣ್ಣದು ಮಾಡಿ ಹೇಳೋದು, ಈ ಕೆಲಸದಲ್ಲಿ ನಾವೆಲ್ಲಾ ಮಾಡೋ ತಪ್ಪು.

ನೀವೇ ಇಟ್ಕೊಳಿ ಅಂತ ಎಷ್ಟು ಜನ ಹೇಳಿದ್ರೋ. ಫಾಸ್ಟರ್ ಫೇಲ್ ಅಂತಾರೆ ನಮ್ಮ ಕಡೆ ಅದಕ್ಕೆ. ಬಾಡಿಗೆ ಮನೆ, ಅಮ್ಮನ ಮಂಡಿ, ಎರಡನೇ ಮಹಡಿ, ಓಡೋದೇ ಹುಟ್ಟುಗುಣ ಆಗಿರೋ ನಾಯಿ. ಹಿಂದಿನ ಕಾಲದಲ್ಲಿ ಕುದುರೆ ಗಾಡಿ ಜೊತೆ ಓಡ್ತಿದ್ದ ಜಾತಿ ಇದು, ನಮ್ಮ ಹತ್ತಡಿ ಹಾಲಲ್ಲಿ ಸುತ್ತು ಹಾಕ್ತಿತ್ತು. ಮತ್ತೆ ಇವನನ್ನ ಇಟ್ಕೊಂಡ್ರೆ ಮುಂದಿನ ಫೋನಿಗೆ ಹೂಂ ಅನ್ನೋಕಾಗಲ್ಲ. ಈ ಕಾರಣಗಳನ್ನೆಲ್ಲಾ ನಾನು ರಾತ್ರಿ ಮಲಗೋವಾಗ ನನಗೇ ಹೇಳ್ಕೋತಿದ್ದೆ, ಅವನು ನನ್ನ ಕಾಲ ಮೇಲೆ ತಲೆ ಇಟ್ಕೊಂಡು ಮಲಗಿರ್ತಿದ್ದ, ನಾನು ಎದ್ರೆ ಗೊತ್ತಾಗಲಿ ಅಂತ. ನೆಲದ ಅದುರನ್ನೂ ನಂಬ್ತಿರಲಿಲ್ಲ ಕಳ್ಳ.

ಕೊನೆಗೆ ಬಂದಿದ್ದು ತುಮಕೂರಿನಿಂದ ರಿಟೈರ್ಡ್ ದಂಪತಿ. ಇಬ್ಬರಿಗೂ ಕಿವಿ ಚೆನ್ನಾಗೇ ಕೇಳತ್ತೆ, ಯಾಕೆ ಹೇಳ್ತಿದ್ದೀನಿ ಅಂದ್ರೆ ಎಲ್ಲರೂ ಅದೇ ಕೇಳ್ತಾರೆ, ಸಿನಿಮಾ ಥರ ಇರಬೇಕು ಅಂತ ಆಸೆ ಜನಕ್ಕೆ. ಕಾಂಪೌಂಡ್ ಇರೋ ಮನೆ, ಎರಡು ಮಾವಿನ ಮರ, ಮತ್ತೆ ಒಂಬತ್ತು ವರ್ಷದ ಒಂದು ಕಂದು ಬಣ್ಣದ ಬೀದಿ ನಾಯಿ ಅಮ್ಮಣ್ಣಿ. ನಾನು ಮನೆ ನೋಡೋಕೆ ಹೋದಾಗ ಇವನನ್ನೂ ಕರ್ಕೊಂಡು ಹೋಗಿದ್ದೆ. ಗೇಟ್ ಸದ್ದಾಯ್ತು, ಅಮ್ಮಣ್ಣಿ ಕಿವಿ ನಿಗುರಿಸಿ ಎದ್ಲು, ಎಳ್ಳು ಅವಳನ್ನ ನೋಡಿ ತಾನೂ ಎದ್ದು ಗೇಟ್ ಕಡೆ ಹೊರಟ. ಬಂದು ಹತ್ತು ನಿಮಿಷ ಆಗಿರಲಿಲ್ಲ, ಅವಳ ಕಿವೀನ ಸಾಲ ತಗೊಂಡಿದ್ದ. ನಾನು ಐದು ತಿಂಗಳು ಕೈ ಆಡಿಸಿ ಆಡಿಸಿ ಮಾಡಿದ್ದನ್ನ ಆ ಮುದುಕಿ ಕೂತಲ್ಲಿಂದ ಮಾಡಿದ್ಲು. ಹೊಟ್ಟೆಕಿಚ್ಚಾಯ್ತು, ಸುಳ್ಳು ಯಾಕೆ ಹೇಳ್ಲಿ.

ಜೂನ್ ಕೊನೇ ಭಾನುವಾರ ಬಿಟ್ಟು ಬಂದೆ. ಒಂದು ನೋಟ್‌ಬುಕ್ಕಲ್ಲಿ ಎಲ್ಲಾ ಸನ್ನೆಗಳ ಚಿತ್ರ ಬರೆದು ಕೊಟ್ಟೆ, ನನ್ನ ಡ್ರಾಯಿಂಗ್ ಎಷ್ಟು ಚೆನ್ನಾಗಿದೆ ಅಂದ್ರೆ "ಊಟ" ಅನ್ನೋದು ಬಾಳೆಗೊನೆ ಥರ ಕಾಣ್ತಿತ್ತು. ಅಂಕಲ್ ಒಂದೊಂದನ್ನೂ ಕೈಯಲ್ಲಿ ಮಾಡಿ ತೋರಿಸಿ ಸರೀನಾ ಅಂತ ಕೇಳಿದ್ರು, ಪರೀಕ್ಷೆಗೆ ಕೂತ ಹುಡುಗನ ಥರ. ಕೊರಳಿನ ಗೆಜ್ಜೆ, "ನನಗೆ ಕಿವಿ ಕೇಳಲ್ಲ" ಅನ್ನೋ ಟ್ಯಾಗಿನಲ್ಲಿ ಅವರ ನಂಬರ್, ಅಮ್ಮನ ಹಳೇ ಸೀರೇಲಿ ಹೊಲಿದ ಹಾಸಿಗೆ. ಹೊರಡೋವಾಗ ಅವನಿಗೆ ಏನು ಹೇಳಿ ಹೊರಡೋದು? "ಹೋಗ್ಬರ್ತೀನಿ"ಗೆ ನಾನು ಸನ್ನೆ ಕಲಿಸಿರಲೇ ಇಲ್ಲ. ಅವನು ಮಾವಿನ ಮರದ ಬುಡ ಮೂಸ್ತಾ ಬೆನ್ನು ಮಾಡಿ ನಿಂತಿದ್ದಾಗ ಹಾಗೇ ಬಂದ್ಬಿಟ್ಟೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಣ ಅಂತ ನಿಲ್ಲಿಸಿದ್ವಿ, ಒಂದು ಇಡ್ಲಿ ಮುಗಿಸೋಕಾಗಲಿಲ್ಲ ನನ್ನ ಕೈಲಿ.

ಮೂರು ವಾರ ಆದ್ಮೇಲೆ ವಿಡಿಯೋ ಕಾಲ್ ಮಾಡಿದ್ರು. ನನ್ನ ಹಳೇ ಫಾಸ್ಟರ್ ನಾಯಿಗಳೆಲ್ಲಾ ಫೋನಲ್ಲಿ ನನ್ನ ದನಿ ಕೇಳಿದ ತಕ್ಷಣ ತಲೆ ಓರೆ ಮಾಡ್ತವೆ, ಅದೊಂದು ಸುಖ. ಇವನಿಗೆ ಅದಿಲ್ಲ. ಸ್ಕ್ರೀನ್ ಮುಂದೆ ಐದು ಬೆರಳು ಬಾಯಿಗೆ ತಂದು ತೋರಿಸಿದೆ, ಅವನು ಫೋನಿನ ಕಡೆ ನೋಡಲೇ ಇಲ್ಲ, ಕ್ಯಾಮೆರಾದಿಂದ ಆಚೆ ಎಲ್ಲೋ ನೋಡ್ತಿದ್ದ. ಆಮೇಲೆ ಒಂದು ಕೈ ಫ್ರೇಮಿನೊಳಗೆ ಬಂತು, ಅಂಕಲ್‌ದು, ಮುದ್ದೆ ಮುರಿಯೋ ಹಾಗೆ ಬೆರಳು ತಿರುಗಿಸಿದ್ರು. ಅದು ನನ್ನ ನೋಟ್‌ಬುಕ್ಕಲ್ಲಿ ಇರಲೇ ಇಲ್ಲ. ಎಳ್ಳು ಎದ್ದು ಹೊರಟೇ ಹೋದ, ಸ್ಕ್ರೀನಲ್ಲಿ ಬರೀ ರೆಡ್ ಆಕ್ಸೈಡ್ ನೆಲ, ಗೆಜ್ಜೆ ಸದ್ದು ದೂರ ಆಗ್ತಾ ಇತ್ತು.

ಅಮ್ಮ ಅಡುಗೆಮನೆಯಿಂದ ಕೂಗಿದ್ರು, "ಊಟ ಆಯ್ತಾ ಅಂತ ಕೇಳೇ ಅವನ್ನ".